ಬೆಳೆಯೋ ಮಗಳು ಅಂತ ದೊಡ್ಡ ಬಿಲ್ಲು ಕೊಡಿಸಬೇಡಿ

ಜೂನ್ ತಿಂಗಳು ಬಂತೆಂದರೆ ಯೂನಿಫಾರಂ ಅಂಗಡಿಗಳಲ್ಲಿ ಒಂದೇ ಮಾತು ಕೇಳಿಸುತ್ತದೆ. ಅಮ್ಮ ಅಂಗಿಯನ್ನು ಮಗುವಿನ ಬೆನ್ನಿಗೆ ಹಿಡಿದು ನೋಡಿ, "ಒಂದು ಸೈಜು ದೊಡ್ಡದೇ ಕೊಡಿ, ಬೆಳೆಯೋ ಮಗು" ಅನ್ನುತ್ತಾಳೆ. ಅಂಗಿಗೆ, ಬೂಟಿಗೆ, ಕೊನೆಗೆ ಸೈಕಲ್ಲಿಗೂ ಈ ಲೆಕ್ಕ ಹೇಗೋ ನಡೆದುಹೋಗುತ್ತದೆ. ಬಿಲ್ಲಿಗೆ ಮಾತ್ರ ನಡೆಯುವುದಿಲ್ಲ.

ಹಿಂದೊಮ್ಮೆ ಇದೇ ಅಂಕಣದಲ್ಲಿ ನನ್ನ ಶನಿವಾರದ ಬಿಲ್ಲುಗಾರಿಕೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಂದಿನಿಂದ ಬರುವ ಪತ್ರಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ. "ಮಗಳಿಗೆ 12 ವರ್ಷ, ಆನ್‌ಲೈನಿನಲ್ಲಿ ಬಿಲ್ಲು ನೋಡಿಟ್ಟಿದ್ದೇವೆ, ತರಿಸಬಹುದಾ?" "ನನಗೆ 45 ದಾಟಿದೆ, ಈಗ ಶುರು ಮಾಡಿದರೆ ನಗುತ್ತಾರಾ?" "ಕಾಂಪೌಂಡ್ ಒಳ್ಳೆಯದೋ ರಿಕರ್ವ್ ಒಳ್ಳೆಯದೋ?" ಇವಕ್ಕೆಲ್ಲ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ. ನಾನು ತರಬೇತುದಾರಳಲ್ಲ. ವಾರವಿಡೀ ಕಂಪ್ಯೂಟರ್ ಮುಂದೆ ಕೂತು, ವಾರಕ್ಕೊಮ್ಮೆ ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಬೆಂಗಳೂರಿನ ಹೊರವಲಯದ ಒಂದು ಅಭ್ಯಾಸದ ಮೈದಾನಕ್ಕೆ ಹೋಗುವ ಎಂಜಿನಿಯರ್. ಅಲ್ಲಿ ಮೂರು ವರ್ಷದಲ್ಲಿ ಕಲಿತದ್ದು, ಕಂಡದ್ದು ಇಷ್ಟು.

ಬಿಲ್ಲುಗಳ ಬಗೆ

ಹವ್ಯಾಸಕ್ಕೆಂದು ಬರುವವರಿಗೆ ಮುಖ್ಯವಾಗಿ ನಾಲ್ಕು ಬಗೆಯ ಬಿಲ್ಲು ಸಿಗುತ್ತವೆ.

ಮೊದಲನೆಯದು ರಿಕರ್ವ್. ಅದರ ಎರಡೂ ತುದಿಗಳು ಬಿಲ್ಲುಗಾರನಿಂದ ಆಚೆಗೆ, ಮುಂದಕ್ಕೆ ಬಾಗಿರುತ್ತವೆ. ಹೆಸರು ಬಂದದ್ದೂ ಅದರಿಂದಲೇ. ಆ ಬಾಗು ಇರುವುದರಿಂದ ಅಷ್ಟೇ ಉದ್ದದ ನೇರ ಬಿಲ್ಲಿಗಿಂತ ಹೆಚ್ಚು ಶಕ್ತಿ ಕೂಡಿಕೊಳ್ಳುತ್ತದೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಬಿಲ್ಲುಗಾರಿಕೆ ಮರಳಿ ಬಂದಾಗಿನಿಂದ ಅಲ್ಲಿ ನೀವು ಟಿವಿಯಲ್ಲಿ ನೋಡುತ್ತಿರುವುದು ಇದನ್ನೇ. ಗುರಿ 70 ಮೀಟರ್ ದೂರ, ಗುರಿಹಲಗೆಯ ಅಗಲ 122 ಸೆಂಟಿಮೀಟರ್, ನಡುವಿನ ಹತ್ತು ಅಂಕದ ವೃತ್ತ 12.2 ಸೆಂಟಿಮೀಟರ್. ಒಂದು ಸಣ್ಣ ಸಾಸರಿನಷ್ಟು ಅಂದುಕೊಳ್ಳಿ. ಹೊಸಬರು ಅಷ್ಟು ದೂರ ಯೋಚಿಸಬೇಕಿಲ್ಲ, ಹತ್ತು ಮೀಟರಿನಿಂದ ಶುರು ಮಾಡುತ್ತಾರೆ.

ಕಲಿಯುವವರಿಗೆ ಕೊಡುವುದು ಬಿಚ್ಚಿ ಜೋಡಿಸಬಹುದಾದ ರಿಕರ್ವ್. ನಡುವೆ ಹಿಡಿಯುವ ಭಾಗಕ್ಕೆ ರೈಸರ್ ಅಂತಲೂ, ಮೇಲೆ ಕೆಳಗೆ ಬಾಗುವ ಎರಡು ಪಟ್ಟಿಗಳಿಗೆ ಲಿಂಬ್ ಅಂತಲೂ ಹೆಸರು. ಬಲ ಬಂದಂತೆ ಲಿಂಬ್ ಮಾತ್ರ ಬದಲಿಸಿದರೆ ಸಾಕು, ಇಡೀ ಬಿಲ್ಲು ಬದಲಿಸಬೇಕಿಲ್ಲ. ಸ್ವಲ್ಪ ಮೇಲ್ದರ್ಜೆಯ ಬಿಲ್ಲುಗಳಲ್ಲಿ ಐಎಲ್ಎಫ್ ಅನ್ನುವ ಸಾಮಾನ್ಯ ಜೋಡಣೆ ಇರುತ್ತದೆ. ಒಂದು ಕಂಪನಿಯ ರೈಸರಿಗೆ ಇನ್ನೊಂದರ ಲಿಂಬ್ ಕೂರುತ್ತದೆ, ನಮ್ಮ ಫೋನ್ ಚಾರ್ಜರುಗಳು ಕೊನೆಗೂ ಒಂದೇ ಥರ ಆದ ಹಾಗೆ.

ಎರಡನೆಯದು ಕಾಂಪೌಂಡ್. ತುದಿಗಳಲ್ಲಿ ಗಾಲಿಗಳಂಥ ಕ್ಯಾಮ್‌ಗಳು, ಅವುಗಳ ನಡುವೆ ಓಡಾಡುವ ಕೇಬಲ್ಲುಗಳು. ಅಮೆರಿಕದ ಮಿಸೌರಿಯ ಹೋಲ್ಲೆಸ್ ವಿಲ್ಬರ್ ಆಲೆನ್ ಎಂಬಾತನಿಗೆ ಇದರ ಪೇಟೆಂಟ್ ಸಿಕ್ಕಿದ್ದು 1969ರಲ್ಲಿ. ಕ್ಯಾಮ್‌ಗಳ ಮಧ್ಯಬಿಂದು ಬದಿಗೆ ಸರಿದಿರುವುದರಲ್ಲಿ ಇದರ ಗುಟ್ಟಿದೆ. ಎಳೆಯುವಾಗ ನಡುವೆ ಪೂರ್ತಿ ಭಾರ ಬರುತ್ತದೆ, ಕೊನೆಗೆ ಬಂದಾಗ ಭಾರ ತಟ್ಟನೆ ಇಳಿದುಬಿಡುತ್ತದೆ. 50 ಪೌಂಡಿನ ಬಿಲ್ಲು ಶೇ 80ರಷ್ಟು ಇಳಿಸಿಕೊಟ್ಟರೆ ಗುರಿ ಹಿಡಿದು ನಿಂತಾಗ ಬೆರಳಿಗೆ ಇರುವುದು 10 ಪೌಂಡ್. ಹಾಗಾಗಿ ನಿಧಾನವಾಗಿ ಗುರಿ ಇಡಬಹುದು. ಭೂತಗನ್ನಡಿಯಂಥ ಸ್ಕೋಪ್ ಹಾಕಬಹುದು, ಬೆರಳ ಬದಲು ಗುಂಡಿ ಒತ್ತುವ ರಿಲೀಸ್ ಬಳಸಬಹುದು. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಜ್ಯೋತಿ ಸುರೇಖಾ ವೆನ್ನಂ ಮೂರು ಚಿನ್ನ ಗೆದ್ದದ್ದು ಇದರಲ್ಲಿ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆಯೂ ಸೇರಿದೆ.

ಕೇಳಿದರೆ ಇದೇ ಸುಲಭ ಅನ್ನಿಸುತ್ತದೆ ಅಲ್ಲವಾ? ಆದರೆ ಕಾಂಪೌಂಡನ್ನು ಒಬ್ಬರ ಕೈಯಳತೆಗೆ ಕೂರಿಸಿದ ಮೇಲೆ ಅದು ಹೆಚ್ಚುಕಡಿಮೆ ಅವರದೇ. ಅಕ್ಕನ ಬಿಲ್ಲನ್ನು ತಮ್ಮ ಎಳೆಯುವ ಹಾಗಿಲ್ಲ. ತೂಕವೂ ಹೆಚ್ಚು. ಹೆದೆ ಬದಲಿಸಲು ಬಿಲ್ಲನ್ನು ಅದುಮಿ ಹಿಡಿಯುವ ಪ್ರೆಸ್ ಬೇಕು, ಮನೆಯಲ್ಲಿ ಆಗುವ ಕೆಲಸವಲ್ಲ. ಒಂದು ಬಿಲ್ಲನ್ನು ಮನೆಮಂದಿ ಹಂಚಿಕೊಳ್ಳುವುದಾದರೆ ರಿಕರ್ವ್ ವಾಸಿ. ಗಟ್ಟಿಯಾಗಿ ಒಬ್ಬರೇ ಮುಂದುವರಿಯುತ್ತಾರೆ ಅಂತ ಖಾತ್ರಿಯಾದ ಮೇಲೆ ಕಾಂಪೌಂಡ್ ನೋಡಬಹುದು.

ಮೂರನೆಯದು ಬೇರ್‌ಬೋ. ಇದೂ ರಿಕರ್ವೇ, ಆದರೆ ಗುರಿ ನೋಡುವ ಸೈಟ್ ಇಲ್ಲ, ಮುಂದೆ ಚಾಚಿದ ಉದ್ದನೆಯ ಸ್ಟೆಬಿಲೈಸರ್ ಕೋಲು ಇಲ್ಲ. ಬಾಣದ ತುದಿಯನ್ನೇ ನೋಡಿ ಗುರಿ ಹಿಡಿಯಬೇಕು. ಸ್ಪರ್ಧೆಯ ನಿಯಮ ನನಗೆ ಬಹಳ ಇಷ್ಟ. ಹೆದೆ ಇಳಿಸಿದ ಬಿಲ್ಲು, ಹಾಕಿಕೊಂಡ ತೂಕದ ಸಮೇತ, 12.2 ಸೆಂಟಿಮೀಟರ್ ಅಗಲದ ಬಳೆಯೊಳಗೆ ತೂರಬೇಕು. ಬಳೆಯಲ್ಲಿ ತೂರದ ಯಾವ ಆಡಂಬರಕ್ಕೂ ಅಲ್ಲಿ ಜಾಗವಿಲ್ಲ.

ನಾಲ್ಕನೆಯದು ಸಾಂಪ್ರದಾಯಿಕ ಬಿಲ್ಲು. ಇಂಗ್ಲೆಂಡಿನ ಉದ್ದ ಬಿಲ್ಲು, ಕುದುರೆ ಸವಾರರ ಗಿಡ್ಡ ಬಿಲ್ಲು, ನಮ್ಮ ಬಿದಿರಿನ ಬಿಲ್ಲು ಎಲ್ಲ ಇದರಲ್ಲಿ ಬರುತ್ತವೆ. ನಮ್ಮ ದೇಶದ ಸ್ಪರ್ಧೆಗಳಲ್ಲಿ ಇಂಡಿಯನ್ ರೌಂಡ್ ಅನ್ನುವ ವಿಭಾಗವೇ ಇದೆ, ಬಿದಿರಿನ ಬಿಲ್ಲಿನದು. ನಾಲ್ಕು ಒಲಿಂಪಿಕ್ಸ್ ಆಡಿದ ರಾಂಚಿಯ ದೀಪಿಕಾ ಕುಮಾರಿ ಶುರು ಮಾಡಿದ್ದು ಬಿದಿರಿನ ಬಿಲ್ಲಿನಿಂದಲೇ. ದುಬಾರಿ ಬಿಲ್ಲಿಲ್ಲದೆ ಆಗುವುದಿಲ್ಲ ಅಂತ ಮಕ್ಕಳು ಹಟ ಹಿಡಿದರೆ ಈ ಸಂಗತಿ ಹೇಳಿ.

ಕುದುರೆ ಬಿಲ್ಲಿನ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಇವತ್ತು ಮೈದಾನಗಳಲ್ಲಿ ಹೆದೆ ಎಳೆಯುವುದು ಮೂರು ಬೆರಳಿನಿಂದ. ತೋರುಬೆರಳು ಬಾಣದ ಮೇಲೆ, ಎರಡು ಬೆರಳು ಕೆಳಗೆ, ಹೆಬ್ಬೆರಳು ಅಂಗೈಯೊಳಗೆ ಮಡಿಸಿರುತ್ತದೆ. ನಮ್ಮಲ್ಲಿಗೆ ಬಂದ ಹುಡುಗನೊಬ್ಬ, "ಹಾಗಾದ್ರೆ ಏಕಲವ್ಯಂಗೆ ಏನೂ ತೊಂದ್ರೆ ಆಗ್ತಿರಲಿಲ್ವಲ್ಲ?" ಅಂತ ಕೇಳಿದ. ಒಳ್ಳೆಯ ಪ್ರಶ್ನೆ. ಮಂಗೋಲಿಯಾ, ಕೊರಿಯಾ, ಟರ್ಕಿಗಳ ಪದ್ಧತಿಯಲ್ಲಿ ಹೆದೆ ಎಳೆಯುವುದೇ ಹೆಬ್ಬೆರಳಿನಿಂದ, ಅದಕ್ಕೊಂದು ಉಂಗುರವನ್ನೂ ತೊಡುತ್ತಾರೆ. ಹಾಗೆ ಎಳೆಯುವವನಿಗೆ ಹೆಬ್ಬೆರಳು ಹೋದರೆ ಬಿಲ್ಲುವಿದ್ಯೆಯೇ ಹೋದಂತೆ.

ಪೌಂಡಿನ ಲೆಕ್ಕ

ಯಾವ ಬಗೆ ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ, ಎಷ್ಟು ಭಾರದ್ದು ಅನ್ನುವುದು. ಇಲ್ಲಿ ಭಾರ ಅಂದರೆ ಬಿಲ್ಲಿನ ತೂಕವಲ್ಲ, ಹೆದೆ ಎಳೆಯಲು ಬೇಕಾದ ಬಲ. ಅದನ್ನು ಪೌಂಡಿನಲ್ಲಿ ಹೇಳುತ್ತಾರೆ. ರಿಕರ್ವ್ ಲಿಂಬಿನ ಮೇಲೆ 66, 24 ಅಂತ ಎರಡು ಅಂಕಿ ಇದ್ದರೆ ಬಿಲ್ಲಿನ ಉದ್ದ 66 ಇಂಚು, 28 ಇಂಚು ಎಳೆದಾಗ 24 ಪೌಂಡ್ ಅಂತ ಅರ್ಥ. ಎಳೆತ ಒಂದು ಇಂಚು ಕಡಿಮೆಯಾದರೆ ಸುಮಾರು 2 ಪೌಂಡ್ ಕಡಿಮೆ, ಹೆಚ್ಚಾದರೆ ಅಷ್ಟೇ ಹೆಚ್ಚು.

24 ಪೌಂಡ್ ಅಂದರೆ 11 ಕೆ.ಜಿ.ಗೆ ಸ್ವಲ್ಪ ಕಡಿಮೆ. "ಅಷ್ಟೇನಾ, ಗ್ಯಾಸ್ ಸಿಲಿಂಡರ್ ಎತ್ತೋನು ನಾನು" ಅನ್ನುವವರಿದ್ದಾರೆ. ಆದರೆ ಒಂದು ಬೆಳಿಗ್ಗೆ ನೂರು ಬಾಣ ಬಿಟ್ಟರೆ ನೂರು ಸಲ ಎಳೆದಿರುತ್ತೀರಿ. ಒಟ್ಟು ಸುಮಾರು 1,090 ಕೆ.ಜಿ. ಅಂದರೆ 25 ಕೆ.ಜಿ. ಅಕ್ಕಿ ಮೂಟೆ 43. ಅದೇ 40 ಪೌಂಡಿನ ಬಿಲ್ಲಾದರೆ 72 ಮೂಟೆ. ಅದೂ ಬರೀ ಮೂರು ಬೆರಳು, ಒಂದು ಭುಜ, ಬೆನ್ನಿನ ಒಂದಿಷ್ಟು ಸ್ನಾಯುಗಳಿಂದ. ದಿನವಿಡೀ ಕೀಬೋರ್ಡಿನ ಮುಂದೆ ಮುದುಡಿ ಕೂರುವ ನಮ್ಮಂಥವರಲ್ಲಿ ನಿದ್ದೆ ಹೋಗಿರುವ ಸ್ನಾಯುಗಳೇ ಅವು.

ನನ್ನ ಸಹೋದ್ಯೋಗಿಯೊಬ್ಬ, ವಾರಕ್ಕೆ ಐದು ದಿನ ಜಿಮ್ಮಿಗೆ ಹೋಗುವವನು, ಯಾರನ್ನೂ ಕೇಳದೆ 40 ಪೌಂಡಿನ ರಿಕರ್ವ್ ತರಿಸಿಕೊಂಡ. ಎಳೆಯಲು ಆಗುತ್ತಿತ್ತು, ಅದೇ ತೊಂದರೆಯಾಯಿತು. ಬೆನ್ನಿನಿಂದ ಎಳೆಯುವುದನ್ನು ಕಲಿಯುವ ಮೊದಲೇ ತೋಳಿನ ಬಲದಿಂದ ಎಳೆದ, ಭುಜ ಕಿವಿಯತ್ತ ಏರಿಸಿಕೊಂಡು ಎಳೆದ. ಎರಡನೇ ತಿಂಗಳಿಗೆ ಭುಜ ಹಿಡಿದುಕೊಂಡಿತು. ಆರು ತಿಂಗಳು ಫಿಸಿಯೋಥೆರಪಿ ಆಯಿತು. ಈಗ ಮಗಳನ್ನು ಎಡಗೈಯಲ್ಲೇ ಎತ್ತಿಕೊಳ್ಳುತ್ತಾನೆ. ಬಿಲ್ಲು ಕಪಾಟಿನ ಮೇಲಿದೆ.

ಅದಕ್ಕೇ ಹೇಳುತ್ತಿರುವುದು. ಹತ್ತು ಹನ್ನೆರಡರ ಮಕ್ಕಳಿಗೆ ಅವರ ಎಳೆತದಲ್ಲಿ 10ರಿಂದ 14 ಪೌಂಡ್ ಸಾಕು. ದೊಡ್ಡ ಹೆಂಗಸರಿಗೆ 16ರಿಂದ 20, ಗಂಡಸರಿಗೆ 20ರಿಂದ 24ರಲ್ಲಿ ಶುರು ಮಾಡಿದರೆ ತಪ್ಪಿಲ್ಲ. ಪರೀಕ್ಷೆ ಸರಳ. ಬಾಣವನ್ನು ಗುರಿಯ ಕಡೆಗೇ ಇಟ್ಟುಕೊಂಡು, ಬಿಲ್ಲನ್ನು ಆಕಾಶಕ್ಕೆ ಎತ್ತದೆ, ಗದ್ದದವರೆಗೆ ಎಳೆಯಿರಿ. ಮೈ ನಡುಗದೆ ಹತ್ತು ಸೆಕೆಂಡು ನಿಲ್ಲಲಿ, ನಂತರ ನಿಧಾನವಾಗಿ ಹಿಂದಕ್ಕೆ ಬಿಡಿ. ಹತ್ತು ಸಲ ಹೀಗೆ ಮಾಡಿಯೂ ಮಾತಾಡುವಷ್ಟು ಉಸಿರಿದ್ದರೆ ಆ ಬಿಲ್ಲು ನಿಮ್ಮದು. ಮುಖ ಕಿವುಚಿಕೊಂಡು ಎಳೆಯುವ ಬಿಲ್ಲು ನಿಮ್ಮದಲ್ಲ.

ಅಳತೆ ತೆಗೆಯುವುದು ಹೇಗೆ

ಗೋಡೆಗೆ ಬೆನ್ನು ಕೊಟ್ಟು ಎರಡೂ ಕೈ ಅಗಲಿಸಿ ನಿಲ್ಲಿ. ಒಂದು ಕೈಯ ನಡುಬೆರಳ ತುದಿಯಿಂದ ಇನ್ನೊಂದರ ತುದಿಯವರೆಗೆ ಅಳೆದು 2.5ರಿಂದ ಭಾಗಿಸಿದರೆ ನಿಮ್ಮ ಎಳೆತದ ಉದ್ದ ಹೆಚ್ಚುಕಡಿಮೆ ಸಿಗುತ್ತದೆ. 150 ಸೆಂಟಿಮೀಟರ್ ಇರುವ ಹುಡುಗಿಗೆ 60 ಸೆಂಟಿಮೀಟರ್, ಸುಮಾರು 24 ಇಂಚು. 18 ಪೌಂಡ್ ಅಂತ ಬರೆದಿರುವ ಲಿಂಬ್ ಅವಳ ಕೈಯಲ್ಲಿ 10 ಪೌಂಡಿನಷ್ಟು ಭಾರ ಕೊಡುತ್ತದೆ. ಅವಳಿಗೆ 62 ಅಥವಾ 64 ಇಂಚಿನ ಬಿಲ್ಲು ಸರಿ. 27 ಇಂಚು ಎಳೆಯುವ ದೊಡ್ಡವರಿಗೆ 66ರಿಂದ 68.

ಎರಡು ವರ್ಷದಲ್ಲಿ ಹುಡುಗಿ ಬೆಳೆಯುತ್ತಾಳೆ, ನಿಜ. ಅವಳ ಕೈ ಉದ್ದವಾದಂತೆ ಅದೇ ಲಿಂಬ್ ತಾನಾಗಿಯೇ ಭಾರವಾಗುತ್ತದೆ. 26 ಇಂಚು ಎಳೆಯುವ ಹೊತ್ತಿಗೆ 10 ಪೌಂಡ್ ಇದ್ದದ್ದು 14 ಆಗಿರುತ್ತದೆ. ನೋಡಿ, ಬೆಳೆಯುವುದಕ್ಕೆ ಬೇಕಾದ ಜಾಗ ಸಣ್ಣ ಬಿಲ್ಲಿನಲ್ಲೇ ಇದೆ. ಮುಂಚೆಯೇ ಭಾರದ ಬಿಲ್ಲು ಕೊಡಿಸಿದರೆ ಅವಳು ಬೆಳೆದು ಅದಕ್ಕೆ ಸರಿಹೋಗುವುದಿಲ್ಲ. ಸೊಂಟ ಹಿಂದಕ್ಕೆ ಬಾಗಿಸಿ, ತಲೆ ವಾಲಿಸಿ, ಹೇಗೋ ಎಳೆಯುವ ಅಭ್ಯಾಸ ಮಾಡಿಕೊಳ್ಳುತ್ತಾಳೆ. ಆಮೇಲೆ ಅದನ್ನು ಬಿಡಿಸಲು ವರ್ಷ ಬೇಕು. ಇಲ್ಲವಾದರೆ ಮೂರೇ ವಾರಕ್ಕೆ "ಬೇಡಮ್ಮಾ" ಅಂತಾಳೆ, ನಾವು "ಇವಳದ್ದು ಯಾವಾಗ್ಲೂ ಹೀಗೇ" ಅಂತೇವೆ.

ಕೈಯಷ್ಟೇ ಮುಖ್ಯ ಕಣ್ಣು. ಎರಡೂ ಅಂಗೈ ಸೇರಿಸಿ ಸಣ್ಣ ತ್ರಿಕೋನ ಮಾಡಿ, ಅದರೊಳಗಿಂದ ದೂರದ ಗಡಿಯಾರವನ್ನು ಎರಡೂ ಕಣ್ಣು ತೆರೆದು ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಗಡಿಯಾರ ತ್ರಿಕೋನದೊಳಗೇ ಉಳಿಯುತ್ತದೋ ಅದು ನಿಮ್ಮ ಮುಂದಾಳು ಕಣ್ಣು. ಬಲಗಣ್ಣಾದರೆ ಬಲಗೈ ಬಿಲ್ಲು, ಅಂದರೆ ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಎಳೆಯುವುದು. ಅಂಗಡಿಯಲ್ಲಿ ಇದು ತಿರುವುಮುರುವಾಗುವುದು ಸಾಮಾನ್ಯ, ಎರಡು ಸಲ ಕೇಳಿಕೊಳ್ಳಿ. ಬಲಗೈಯಲ್ಲಿ ಬರೆಯುವ ಕೆಲವರಿಗೆ ಎಡಗಣ್ಣು ಮುಂದಾಳಾಗಿರುತ್ತದೆ. ಅಂಥವರು ಖರೀದಿಗೆ ಮುಂಚೆ ಎರಡೂ ಬಗೆಯನ್ನು ತರಬೇತುದಾರರ ಎದುರು ಎಳೆದು ನೋಡುವುದು ಒಳ್ಳೆಯದು.

ಅಪ್ಪನ 16 ಪೌಂಡ್

ಈಗ 45 ದಾಟಿದವರ ಪ್ರಶ್ನೆಗೆ ಬರುತ್ತೇನೆ. ನಮ್ಮಪ್ಪನಿಗೆ 63. ನಿವೃತ್ತಿಯಾದ ವರ್ಷವೇ ಬಲಭುಜ ಬಿಗಿದುಕೊಂಡು, ತಂತಿಯ ಮೇಲೆ ಟವೆಲ್ ಹರವಲೂ ಅಮ್ಮನನ್ನು ಕರೆಯಬೇಕಾಗಿತ್ತು. ಚಿಕಿತ್ಸೆ ಮುಗಿದು, ವೈದ್ಯರು "ಹಗುರವಾದದ್ದು ಏನಾದರೂ ಮಾಡಬಹುದು" ಅಂದ ಮೇಲೂ ಆ ಕೈಯನ್ನು ಎತ್ತಲು ಹೆದರುತ್ತಿದ್ದರು. ಒಂದು ಶನಿವಾರ ನನ್ನ ಜೊತೆ ಸುಮ್ಮನೆ ನೋಡಲು ಬಂದರು. ನಮ್ಮ ತರಬೇತುದಾರರು ಭುಜದ ಕಥೆಯೆಲ್ಲ ಕೇಳಿ, 16 ಪೌಂಡಿನ ಬಿಲ್ಲು ಕೈಗಿಟ್ಟರು. ಪಕ್ಕದ ಗುರಿಯಲ್ಲಿ ಆರನೇ ಕ್ಲಾಸಿನ ಹುಡುಗಿಯ ಕೈಯಲ್ಲೂ ಅಂಥದ್ದೇ ಬಿಲ್ಲು.

"ಮಕ್ಕಳ ಬಿಲ್ಲಲ್ಲವೇ ಇದು?" ಅಂದರು ಅಪ್ಪ.

"ಸಾರ್, ಇದಕ್ಕೆ ವಯಸ್ಸು ಗೊತ್ತಾಗಲ್ಲ. ಭುಜ ಗೊತ್ತಾಗುತ್ತೆ" ಅಂದರು ಅವರು.

ಮೊದಲ ದಿನ ಹನ್ನೆರಡೇ ಬಾಣ. ಎರಡು ಹುಲ್ಲಿಗೆ ಹೋದವು. ಹುಡುಗಿ ಹುಡುಕಿ ತಂದುಕೊಟ್ಟು, "ತಾತಾ, ಮೊಣಕೈ ಸ್ವಲ್ಪ ಮೇಲಿರಲಿ" ಅಂದಳು. ನಲವತ್ತು ವರ್ಷ ಆಫೀಸಿನಲ್ಲಿ ಇನ್ನೊಬ್ಬರ ತಪ್ಪು ತಿದ್ದಿ ಅಭ್ಯಾಸವಿರುವ ಮನುಷ್ಯ ಮರುಮಾತಿಲ್ಲದೆ ಮೊಣಕೈ ಎತ್ತಿದರು. ಎಂಟು ತಿಂಗಳಾಗಿದೆ. ಈಗಲೂ ಅದೇ 16 ಪೌಂಡ್. ಹೆಚ್ಚಿಸೋಣವಾ ಅಂದರೆ, "ಯಾಕೆ, ಬೀಳುತ್ತಿದೆಯಲ್ಲ" ಅನ್ನುತ್ತಾರೆ. 18 ಮೀಟರಿನಲ್ಲಿ ಹಳದಿಗೆ ಬೀಳುತ್ತಿರುವುದೂ ನಿಜ. ಟವೆಲ್ ಅವರೇ ಹರವಿಕೊಳ್ಳುತ್ತಾರೆ. ಬಿಲ್ಲು ಚಿಕಿತ್ಸೆ ಅಂತ ನಾನು ಹೇಳುತ್ತಿಲ್ಲ, ಭುಜದ ನೋವಿರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಆದರೆ ನಗುತ್ತಾರಾ ಅಂತ ಕೇಳಿದವರಿಗೆ ಉತ್ತರ, ಇಲ್ಲ, ನಗುವುದಿಲ್ಲ.

ಬಿಲ್ಲು ಮೈಗೆ ಹೊಂದಬೇಕು ಅನ್ನುವುದಕ್ಕೆ ಶೀತಲ್ ದೇವಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಜಮ್ಮುವಿನ ಕಿಶ್ತ್‌ವಾಡದ ಈ ಹುಡುಗಿಗೆ ಹುಟ್ಟಿನಿಂದ ಎರಡೂ ತೋಳಿಲ್ಲ. ಕುರ್ಚಿಯ ಮೇಲೆ ಕೂತು, ಬಲಗಾಲಿನಲ್ಲಿ ಕಾಂಪೌಂಡ್ ಬಿಲ್ಲು ಹಿಡಿದು, ಭುಜದಿಂದ ಹೆದೆ ಸೆಳೆದು, ದವಡೆಯ ನೆರವಿನಿಂದ ಬಾಣ ಬಿಡುತ್ತಾಳೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆ ಮಿಶ್ರ ತಂಡದ ಕಂಚು ಗೆದ್ದಾಗ ಅವಳಿಗೆ 17 ವರ್ಷ. ಅವಳ ತರಬೇತುದಾರರು ಅವಳ ಮೈಗೆ ತಕ್ಕ ಸಲಕರಣೆ ಮಾಡಿಸಿದರು, ಅದಕ್ಕೆ ತಕ್ಕ ವಿಧಾನ ಹುಡುಕಿದರು.

ಬಾಣ, ಹೆದೆ ಮತ್ತು ಎಚ್ಚರ

ಬಾಣವನ್ನೂ ಬಿಲ್ಲಿನ ಭಾರ ನೋಡಿಯೇ ಆರಿಸಬೇಕು. ಹೆದೆ ತಳ್ಳಿದ ಕೂಡಲೇ ಬಾಣ ಮೀನಿನಂತೆ ಬಳುಕಿ ಬಿಲ್ಲನ್ನು ದಾಟುತ್ತದೆ. ಆ ಬಳುಕು ಎಷ್ಟಿರಬೇಕು ಅನ್ನುವುದಕ್ಕೆ ಸ್ಪೈನ್ ಅನ್ನುತ್ತಾರೆ. ಕಾರ್ಬನ್ ಬಾಣದ ಮೇಲೆ 700, 1000 ಅಂತ ಅಂಕಿ ಇರುತ್ತದೆ. ಅಂಕಿ ದೊಡ್ಡದಾದಷ್ಟೂ ಬಾಣ ಮೆದು. ಹಗುರ ಬಿಲ್ಲಿಗೆ ಮೆದು ಬಾಣ ಬೇಕು. ಹೊಸಬರಿಗೆ ಬಾಣ ಎಳೆತಕ್ಕಿಂತ ಒಂದೆರಡು ಇಂಚು ಉದ್ದವೇ ಇರಬೇಕು. ಬಾಣ ಗಿಡ್ಡವಾದರೆ ಎಳೆಯುವಾಗ ತುದಿ ಹಿಂದಕ್ಕೆ ಜಾರಿ, ಬಿಟ್ಟಾಗ ಬಿಲ್ಲು ಹಿಡಿದ ಕೈಗೇ ನುಗ್ಗಬಹುದು. "ಒಂದು ಸೈಜು ದೊಡ್ಡದು" ಅನ್ನುವ ಅಮ್ಮಂದಿರ ಮಾತು ನಡೆಯುವುದು ಇಲ್ಲಿ ಮಾತ್ರ.

ಕಾರ್ಬನ್ ಬಾಣವನ್ನು ಪ್ರತಿ ಸುತ್ತಿಗೂ ಮುನ್ನ ಮೆಲ್ಲಗೆ ಬಗ್ಗಿಸಿ, ಬಿರುಕಿನ ಸದ್ದು ಇದೆಯಾ ಅಂತ ಕೇಳಿ. ಬಿರುಕಿದ್ದರೆ ಮುರಿದು ಎಸೆಯಿರಿ, ಯಾರೂ ಅದನ್ನು ಮತ್ತೆ ಎತ್ತಿಕೊಳ್ಳಬಾರದು.

ಬಾಣವಿಲ್ಲದೆ ಹೆದೆ ಎಳೆದು ಬಿಡಲೇಬಾರದು. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ತಿರುಗುತ್ತದೆ. ಲಿಂಬ್ ಸೀಳಬಹುದು, ಕಾಂಪೌಂಡ್ ಆದರೆ ಕೇಬಲ್ಲು ಹಾರಿ ಮುಖಕ್ಕೆ ಬಡಿಯಬಹುದು. ಮನೆಗೆ ಬಂದ ನೆಂಟರ ಮಕ್ಕಳು ಮೊದಲು ಮಾಡುವ ಕೆಲಸ ಇದೇ. ಹಾಗಾಗಿ ಬಿಲ್ಲು ಕೈಗೆಟುಕದ ಜಾಗದಲ್ಲಿರಲಿ. ಸೀತಾ ಸ್ವಯಂವರದಲ್ಲಿ ರಾಜರೆಲ್ಲ ಸೋತದ್ದು ಬಿಲ್ಲಿಗೆ ಹೆದೆಯೇರಿಸಲಾಗದೆ. ಇವತ್ತು ಅದಕ್ಕೆ ಬೋ ಸ್ಟ್ರಿಂಗರ್ ಅನ್ನುವ ಹಗ್ಗವಿದೆ. ಕಾಲಲ್ಲಿ ಮೆಟ್ಟಿ ಬಿಲ್ಲನ್ನು ಮೇಲಕ್ಕೆತ್ತಿದರೆ ಹೆದೆ ತಾನಾಗಿ ಕೂರುತ್ತದೆ. ತೊಡೆಗೆ ಸಿಕ್ಕಿಸಿ ಬಗ್ಗಿಸುವ ಸಾಹಸ ಬೇಡ, ಲಿಂಬ್ ತಿರುಚಿಕೊಳ್ಳುತ್ತದೆ. ಆಟ ಮುಗಿದ ಮೇಲೆ ರಿಕರ್ವಿನ ಹೆದೆ ಇಳಿಸಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಯಾವ ಬಿಲ್ಲನ್ನೂ ಬಿಡಬೇಡಿ.

ಹೆದೆ ಗದ್ದದ ಪಕ್ಕದಿಂದ ಎದೆ ಸವರಿ ಓಡುತ್ತದೆ. ಉದ್ದ ಓಲೆ ಬಿಚ್ಚಿಡಿ, ಸರ ಅಂಗಿಯೊಳಗಿರಲಿ, ಜಡೆ ಹಿಂದಕ್ಕೆ, ದುಪಟ್ಟಾ ಬ್ಯಾಗಿನಲ್ಲಿ. ಮುಂಗೈಗೆ ಆರ್ಮ್‌ಗಾರ್ಡ್, ಬೆರಳಿಗೆ ಚರ್ಮದ ಟ್ಯಾಬ್ ಬೇಕೇ ಬೇಕು. ಮೈದಾನದ ಸೀಟಿಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ. ಎರಡು ಸಲ ಊದಿದರೆ ಗೆರೆಗೆ ಬರುವುದು, ಒಂದು ಸಲ ಊದಿದರೆ ಬಿಡುವುದು, ಮೂರಾದರೆ ಬಾಣ ತರಲು ಹೋಗುವುದು. ಬಿಡದೆ ಊದಿದರೆ ಎಳೆದ ಹೆದೆಯನ್ನೂ ಇಳಿಸಿ ನಿಲ್ಲುವುದು. ಅಪಾರ್ಟ್‌ಮೆಂಟಿನ ಟೆರೇಸು, ಖಾಲಿ ಸೈಟು ಬೇಡ. ಗುರಿ ತಪ್ಪಿದ ಬಾಣ ಪಕ್ಕದ ಬೀದಿ ತಲುಪುತ್ತದೆ. ತೋಟದಲ್ಲಿ ಹಕ್ಕಿ ಮೊಲಗಳ ಮೇಲೆ ಪ್ರಯೋಗ ಮಾಡುವ ಯೋಚನೆಯಂತೂ ಬೇಡವೇ ಬೇಡ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ.

ಕೊನೆಗೆ ಆ 12 ವರ್ಷದ ಮಗಳ ತಾಯಿಗೆ ನನ್ನ ಉತ್ತರ. ನೋಡಿಟ್ಟ ಬಿಲ್ಲನ್ನು ಇನ್ನೊಂದು ಮೂರು ತಿಂಗಳು ಹಾಗೇ ನೋಡಿಟ್ಟಿರಿ. ಹತ್ತಿರದ ಮೈದಾನ ಹುಡುಕಿ, ಅವರ ಬಿಲ್ಲಿನಲ್ಲೇ ಕಲಿಯಲಿ. ಆ ಹೊತ್ತಿಗೆ ಅವಳ ಎಳೆತ, ಅವಳ ಕಣ್ಣು, ಅವಳ ಆಸಕ್ತಿ ಮೂರೂ ತಿಳಿದಿರುತ್ತವೆ. ಆಮೇಲೆ ಬಿಚ್ಚಿ ಜೋಡಿಸುವ ಮರದ ರಿಕರ್ವ್, ಅವಳು ನಗುತ್ತಾ ಎಳೆಯುವಷ್ಟೇ ಭಾರದ್ದು ಕೊಡಿಸಿ. ಮುಂದೆ ಲಿಂಬ್ ಬದಲಿಸಿದರಾಯಿತು. ಅಳತೆ ತೆಗೆಯುವ ದಿನ ನೀವೂ ಗೋಡೆಗೆ ಬೆನ್ನು ಕೊಟ್ಟು ಕೈ ಅಗಲಿಸಿ ನಿಲ್ಲಿ. ಅವಳು ನಿಮ್ಮದನ್ನೂ ಅಳೆಯಲಿ.